ಬೆಳೆಯುವ ನಗರಕ್ಕೆ ಕ್ಯಾಮೆರಾ ಹಾಕಿದರೆ ಸಾಕಾ? ನೋಡುವವರು ಯಾರು, ಬರುವವರು ಯಾರು?

ಬೀದಿದೀಪ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಚರ್ಚೆಗೆ ಇಡುತ್ತಿದ್ದೇನೆ, ಸ್ವಲ್ಪ ಉದ್ದ ಇದೆ.

ನಗರಗಳು ಬೆಳೆಯುವ ವೇಗಕ್ಕೆ ಪೊಲೀಸ್ ಠಾಣೆಗಳು ಬೆಳೆಯುವುದಿಲ್ಲ. ಹೊಸ ಬಡಾವಣೆ ಎದ್ದು ನಿಂತಿರುತ್ತದೆ, ರಸ್ತೆಗೆ ದೀಪ ಇರುವುದಿಲ್ಲ, ರಾತ್ರಿ ಗಸ್ತು ಆ ಕಡೆ ತಲೆ ಹಾಕುವುದಿಲ್ಲ. ಕಳ್ಳತನವೋ ಹೊಡೆದಾಟವೋ ಆಯಿತು ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು, ಕ್ಯಾಮೆರಾ ಹಾಕಿಸಿ. ಆಮೇಲೆ ಪ್ರಕಟಣೆ ಬರುತ್ತದೆ. ಇಷ್ಟು ಸಾವಿರ ಕ್ಯಾಮೆರಾ, ಇಷ್ಟು ಜಂಕ್ಷನ್, ಗೋಡೆ ತುಂಬ ಪರದೆ ಇರುವ ಕಂಟ್ರೋಲ್ ರೂಮ್. ಆ ಸಂಖ್ಯೆಯೇ ಸುರಕ್ಷತೆಯ ಅಳತೆ ಆಗಿಬಿಡುತ್ತದೆ.

1993ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ಒಂದು ಶಾಪಿಂಗ್ ಸೆಂಟರ್‌ನಿಂದ ಎರಡು ವರ್ಷದ ಮಗುವನ್ನು ಹತ್ತು ವರ್ಷದ ಇಬ್ಬರು ಹುಡುಗರು ಕೈಹಿಡಿದು ಕರೆದುಕೊಂಡು ಹೋದರು. ಅಲ್ಲಿದ್ದ ಕ್ಯಾಮೆರಾದಲ್ಲಿ ಅದು ದಾಖಲಾಯಿತು. ಎರಡು ದಿನದ ನಂತರ ಮಗುವಿನ ಶವ ಸಿಕ್ಕಿತು. ಆ ಮಸುಕು ಚಿತ್ರ ನೋಡಿ ಇಡೀ ದೇಶ ತತ್ತರಿಸಿತು. ಮುಂದಿನ ವರ್ಷಗಳಲ್ಲಿ ಬ್ರಿಟನ್ ಸರ್ಕಾರ ಊರೂರಿಗೂ ಸಿಸಿಟಿವಿ ಹಾಕಲು ಹಣ ಸುರಿಯಿತು. ಆದರೆ ಆ ಕ್ಯಾಮೆರಾ ಮಗುವನ್ನು ಉಳಿಸಿರಲಿಲ್ಲ. ತನಿಖೆಗೆ ನೆರವಾಯಿತು, ಅಷ್ಟೇ. ಆ ಹೊತ್ತಿಗೆ ಅದನ್ನು ನೋಡಿ ತಡೆಯುವವರು ಯಾರೂ ಇರಲಿಲ್ಲ.

ನಾನು ಕ್ಯಾಮೆರಾ ಬೇಡ ಅನ್ನುವವನಲ್ಲ. ಆದರೆ ಕಂಬ ನೆಡುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಇದನ್ನು ಯಾರು ನೋಡುತ್ತಾರೆ? ನೋಡಿದ ಮೇಲೆ ಯಾರು ಬರುತ್ತಾರೆ? ಈ ಕೆಲಸ ಮಾಡಿದವರು, ರಾತ್ರಿ ಓಡಾಡುವವರು, ಕಾನೂನು ತಿಳಿದವರು ದಯವಿಟ್ಟು ಬರೆಯಿರಿ.

ರಾತ್ರಿ ಪಾಳಿ

ನಾನು ಮೊದಲೇ ಹೇಳಿಬಿಡುತ್ತೇನೆ, ನನಗೆ ಕ್ಯಾಮೆರಾ ಬೇಕು.

ನನ್ನ ಕೆಲಸ ಮುಗಿಯುವುದು ನಡುರಾತ್ರಿ ಕಳೆದ ಮೇಲೆ. ಬಸ್ ಇಳಿದು ಮನೆವರೆಗೆ ನಡೆಯಬೇಕು. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಖಾಲಿ ಸೈಟು. ಹಿಂದೆ ಯಾರೋ ನಡೆದು ಬರುವ ಸದ್ದು ಕೇಳಿದರೆ ಫೋನ್ ಕಿವಿಗಿಟ್ಟು ಸುಮ್ನೆ ಯಾರ ಜೊತೆಗೋ ಮಾತಾಡುತ್ತಿರುವ ಹಾಗೆ ಜೋರಾಗಿ ಮಾತಾಡುತ್ತೇನೆ. ಖಾಸಗಿತನದ ಬಗ್ಗೆ ಆತಂಕ ಪಡುವವರಲ್ಲಿ ಎಷ್ಟೋ ಜನ ಮನೆ ಬಾಗಿಲಿಗೇ ಕಾರಿನಲ್ಲಿ ಬಂದಿಳಿಯುತ್ತಾರೆ. ಅವರ ಆತಂಕ ಸುಳ್ಳು ಅಂತ ಹೇಳುತ್ತಿಲ್ಲ. ನಮ್ಮ ಆತಂಕವೂ ಲೆಕ್ಕಕ್ಕೆ ಬರಲಿ ಅಂತಷ್ಟೇ ಕೇಳುತ್ತಿದ್ದೇನೆ.

ಆದರೆ ಬೀದಿದೀಪ ಅವರು ಕೇಳಿದ ಎರಡನೇ ಪ್ರಶ್ನೆ ಇದೆಯಲ್ಲ, ಯಾರು ಬರುತ್ತಾರೆ ಅಂತ, ಅದು ನನ್ನದೂ ಹೌದು. ನನಗೆ ಬೇಕಾಗಿರುವುದು ನಾಳೆ ಬೆಳಿಗ್ಗೆ ಪೊಲೀಸರು ನೋಡುವ ರೆಕಾರ್ಡಿಂಗ್ ಅಲ್ಲ. ಆ ಕಂಬದಲ್ಲಿ ಒಂದು ಬಟನ್ ಇರಲಿ. ಒತ್ತಿದರೆ ಒಬ್ಬ ಮನುಷ್ಯ ಮಾತಾಡಲಿ, "ನಾನು ನಿಮ್ಮನ್ನು ನೋಡುತ್ತಿದ್ದೇನೆ, ಗಾಡಿ ಹೊರಟಿದೆ" ಅನ್ನಲಿ. ಹಾಗೆ ಆ ಕಡೆಯಿಂದ ಒಂದು ದನಿ ಕೇಳಿದರೆ ಹಿಂದೆ ಬರುತ್ತಿರುವವನೂ ಕೇಳಿಸಿಕೊಳ್ಳುತ್ತಾನೆ.

ಹಳೇ ಆಪರೇಟರ್

ಮೇಡಂ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಂಟ್ರೋಲ್ ರೂಮ್‌ನಲ್ಲಿ ಹಲವು ವರ್ಷ ಕೂತವನು. ಒಳಗಿನ ಚಿತ್ರ ಹೇಗಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೋಡೆಯ ಮೇಲೆ ದೊಡ್ಡ ಪರದೆ ಇರುತ್ತದೆ. ಅದು ಬಂದವರಿಗೆ ತೋರಿಸಲು ಚೆನ್ನಾಗಿರುತ್ತದೆ. ನಿಜವಾದ ಕೆಲಸ ನಡೆಯುವುದು ಮೇಜಿನ ಮೇಲಿನ ಎರಡು ಮಾನಿಟರ್‌ನಲ್ಲಿ. ಒಬ್ಬ ಆಪರೇಟರ್ ಪಾಲಿಗೆ ಬರುವ ಕ್ಯಾಮೆರಾಗಳು ಅವನು ನೋಡಬಲ್ಲದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹದಿನಾರು ಚಿತ್ರ ಒಟ್ಟಿಗೆ ತೆರೆದರೆ ಒಂದೊಂದರಲ್ಲೂ ಮನುಷ್ಯ ಇರುವೆಯಷ್ಟು ಕಾಣಿಸುತ್ತಾನೆ. ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದರೆ ಆಮೇಲೆ ಕಣ್ಣು ತೆರೆದಿರುತ್ತದೆ, ಮನಸ್ಸಿಗೆ ಏನೂ ಇಳಿಯುವುದಿಲ್ಲ. ಸೋಮಾರಿತನ ಅಂತ ಬೈಯಬೇಡಿ, ಮನುಷ್ಯನ ಗಮನ ಇರುವುದೇ ಹಾಗೆ.

ಹಾಗಾಗಿ ನಾವು ಪರದೆ ನೋಡುತ್ತಾ ಅಪರಾಧ ಹಿಡಿದದ್ದು ಬಹಳ ಕಡಿಮೆ. ಹೆಚ್ಚಿನ ಸಲ ನಡೆಯುತ್ತಿದ್ದದ್ದು ಹೀಗೆ. ಯಾರೋ ಫೋನ್ ಮಾಡುತ್ತಾರೆ, ಇಂಥ ಕಡೆ ಗಲಾಟೆ ಅಂತ. ನಾವು ಆ ಕ್ಯಾಮೆರಾ ತೆಗೆದು ನೋಡುತ್ತೇವೆ. ಎಷ್ಟು ಜನ ಇದ್ದಾರೆ, ಕೈಯಲ್ಲಿ ಏನಿದೆ, ಯಾವ ಕಡೆ ಓಡಿದರು, ಆಂಬುಲೆನ್ಸ್ ಬೇಕಾ, ಇದನ್ನೆಲ್ಲ ವಯರ್‌ಲೆಸ್‌ನಲ್ಲಿ ಗಸ್ತು ಗಾಡಿಗೆ ಹೇಳುತ್ತೇವೆ. ಗಾಡಿ ತಲುಪುವ ಹೊತ್ತಿಗೆ ಅವರಿಗೆ ಅರ್ಧ ವಿಷಯ ಗೊತ್ತಿರುತ್ತದೆ. ಕ್ಯಾಮೆರಾ ತನ್ನ ಬೆಲೆ ತೀರಿಸುವುದು ಇಂಥ ಹೊತ್ತಿನಲ್ಲಿ. ಆದರೆ ಆ ಪಾಳಿಯಲ್ಲಿ ಗಾಡಿಯೇ ಇಲ್ಲದಿದ್ದರೆ? ನಾವು ಕೂತು ನೋಡುತ್ತೇವೆ. ಅದರಷ್ಟು ಸಂಕಟ ಬೇರೆ ಇಲ್ಲ.

ಇನ್ನು ಸಣ್ಣ ಸಣ್ಣ ವಿಷಯ. ರಾತ್ರಿ ಕ್ಯಾಮೆರಾದ ಸುತ್ತ ಇನ್‌ಫ್ರಾರೆಡ್ ಬೆಳಕು, ಅಂದರೆ ನಮ್ಮ ಕಣ್ಣಿಗೆ ಕಾಣದ ಬೆಳಕು ಇರುತ್ತದೆ. ಅಲ್ಲಿಗೆ ಹುಳು ಬರುತ್ತವೆ, ಹುಳು ಹಿಡಿಯಲು ಜೇಡ ಬರುತ್ತದೆ, ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತದೆ. ಆ ಬೆಳಕಿಗೆ ಬಲೆಯ ಎಳೆಗಳು ಬೆಳ್ಳಗೆ ಹೊಳೆದು ಇಡೀ ಚಿತ್ರ ಮಂಜಾಗುತ್ತದೆ. ಗಾಳಿಗೆ ಬಲೆ ಅಲ್ಲಾಡಿದಾಗಲೆಲ್ಲ ಚಲನೆಯ ಅಲಾರಂ ಹೊಡೆಯುತ್ತದೆ. ನೂರು ಸಲ ಸುಳ್ಳು ಅಲಾರಂ ಹೊಡೆದ ಕ್ಯಾಮೆರಾವನ್ನು ನೂರಾ ಒಂದನೇ ಸಲ ಯಾರು ನೋಡುತ್ತಾರೆ ಹೇಳಿ. ಒಂದು ಉದ್ದ ಕೋಲಿಗೆ ಬ್ರಷ್ ಕಟ್ಟಿ ಒರೆಸುವ ಮನುಷ್ಯ ಬೇಕು, ಅಷ್ಟೇ. ಆ ಮನುಷ್ಯನ ಸಂಬಳ ಟೆಂಡರ್‌ನಲ್ಲಿ ಇರುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮರದ ಕೊಂಬೆ ಅಡ್ಡ ಬಂದಿರುತ್ತದೆ, ಅದನ್ನು ಕಡಿಯಲು ಇನ್ನೊಂದು ಇಲಾಖೆಯ ಅನುಮತಿ ಬೇಕು.

ಕೇಬಲ್ ಕೆಲಸದವನು

ಆಪರೇಟರ್ ಸರ್ ಬಲೆ ವಿಷಯ ಹೇಳಿದ್ದು ನೋಡಿ ಖುಷಿಯಾಯಿತು, ಇದನ್ನು ಯಾರೂ ಹೇಳುವುದಿಲ್ಲ. ನಾನು ಕ್ಯಾಮೆರಾ ಕೂರಿಸುವ ಕೆಲಸದಲ್ಲಿದ್ದೇನೆ, ತಾಂತ್ರಿಕ ಕಡೆಯಿಂದ ಒಂದಿಷ್ಟು ಹೇಳುತ್ತೇನೆ.

ಜನ ಕೇಳುವುದು "ಎಷ್ಟು ಮೆಗಾಪಿಕ್ಸೆಲ್" ಅಂತ. ಕೇಳಬೇಕಾದದ್ದು, ಮನುಷ್ಯ ನಿಲ್ಲುವ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ ಬೀಳುತ್ತದೆ ಅಂತ. ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯಲ್ಲಿ ಇದಕ್ಕೆ ಲೆಕ್ಕ ಇದೆ. ಅಲ್ಲಿ ಯಾರೋ ಇದ್ದಾರೆ ಅಂತ ತಿಳಿಯಲು ಮೀಟರ್‌ಗೆ 25 ಪಿಕ್ಸೆಲ್ ಸಾಕು. ಮೊದಲೇ ಪರಿಚಯ ಇರುವವನನ್ನು ಇವನೇ ಅನ್ನಲು 125 ಬೇಕು. ಗೊತ್ತೇ ಇಲ್ಲದವನ ಗುರುತನ್ನು ಅನುಮಾನಕ್ಕೆ ಎಡೆಯಿಲ್ಲದೆ ಹಿಡಿಯಲು 250 ಬೇಕು. ಈಗ ಲೆಕ್ಕ ಹಾಕಿ. ಫುಲ್ ಎಚ್‌ಡಿ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. 250ರಿಂದ ಭಾಗಿಸಿದರೆ ಎಂಟು ಮೀಟರ್‌ಗಿಂತ ಸ್ವಲ್ಪ ಕಡಿಮೆ. ಅಂದರೆ ಒಂದು ಬಾಗಿಲೋ ಮೆಟ್ಟಿಲೋ ಇರುವ ಕಡೆ ಮುಖ ಸಿಗುತ್ತದೆ. ನಾಲ್ಕು ರಸ್ತೆ ಕೂಡುವ ಇಡೀ ಜಂಕ್ಷನ್‌ಗೆ ಅದೇ ಒಂದು ಕ್ಯಾಮೆರಾ ಹಾಕಿದರೆ ಸಿಗುವುದು ಓಡಾಡುವ ಆಕಾರಗಳು. ಆಮೇಲೆ "ಕ್ಯಾಮೆರಾ ಇತ್ತು, ಮುಖ ಕಾಣಲಿಲ್ಲ" ಅಂತ ಸುದ್ದಿ.

ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬೇರೆಯೇ ಜಾತಿ. ಓಡುವ ಗಾಡಿಯ ಅಂಕಿ ಕಲಸದೆ ಇರಲು ಶಟರ್ ಬಹಳ ವೇಗ ಇರಬೇಕು, ಬೆಳಕು ಪ್ರತ್ಯೇಕ ಕೊಡಬೇಕು. ಅದರಲ್ಲಿ ಪ್ಲೇಟ್ ಬಿಟ್ಟರೆ ಬೇರೆಲ್ಲ ಕತ್ತಲು. ಒಂದೇ ಕ್ಯಾಮೆರಾ ಮುಖವನ್ನೂ ನೋಡುತ್ತದೆ, ಪ್ಲೇಟನ್ನೂ ಓದುತ್ತದೆ, ಜಂಕ್ಷನ್ ಪೂರ್ತಿ ತೋರಿಸುತ್ತದೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಸ್ಟೋರೇಜ್ ಕೂಡ ಸುಲಭದ ಮಾತಲ್ಲ. ಸೆಕೆಂಡಿಗೆ 4 ಮೆಗಾಬಿಟ್ ಕಳಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ತುಂಬುತ್ತದೆ, 30 ದಿನಕ್ಕೆ 1.3 ಟಿಬಿ. ಸಾವಿರ ಕ್ಯಾಮೆರಾ ಅಂದರೆ 1,300 ಟಿಬಿ. ಜಾಗ ಸಾಲದೆ ಹೋದಾಗ ಏನು ಮಾಡುತ್ತಾರೆ ಗೊತ್ತಾ? ಚಿತ್ರದ ಗುಣಮಟ್ಟ ಇಳಿಸುತ್ತಾರೆ. ಕ್ಯಾಮೆರಾ ಸಂಖ್ಯೆ ಹಾಗೇ ಇರುತ್ತದೆ, ಮುಖ ಮಾತ್ರ ಕರಗಿಹೋಗುತ್ತದೆ.

ಕೊನೆಯದಾಗಿ ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡಿಡುವ ಪೆಟ್ಟಿಗೆ), ರೂಟರ್‌ಗಳ ಒಳಗೆ ನುಗ್ಗಿತು. ದೊಡ್ಡ ವಿದ್ಯೆಯೇನೂ ಬೇಕಾಗಿರಲಿಲ್ಲ, ಕಂಪನಿಯವರು ಹಾಕಿಕೊಟ್ಟ ಪಾಸ್‌ವರ್ಡನ್ನು ಜನ ಬದಲಿಸಿರಲಿಲ್ಲ. ಆ ವರ್ಷ ಅಕ್ಟೋಬರ್ 21ರಂದು ಅದೇ ಸಾಧನಗಳನ್ನು ಬಳಸಿ ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ತೊಂದರೆಗೆ ಸಿಕ್ಕಿದವು. 2021ರ ಮಾರ್ಚ್‌ನಲ್ಲಿ ವರ್ಕಾಡಾ ಅನ್ನುವ ಕಂಪನಿಯ ಸುಮಾರು ಒಂದೂವರೆ ಲಕ್ಷ ಕ್ಯಾಮೆರಾಗಳ ದೃಶ್ಯ ಹ್ಯಾಕರ್‌ಗಳ ಕೈಗೆ ಸಿಕ್ಕಿತು, ಅದರಲ್ಲಿ ಆಸ್ಪತ್ರೆ, ಜೈಲು, ಶಾಲೆಗಳೂ ಇದ್ದವು. ಇಷ್ಟೆಲ್ಲ ಆದಮೇಲೂ ಇವತ್ತಿಗೂ ಕಂಪನಿ ಪಾಸ್‌ವರ್ಡ್‌ನಲ್ಲೇ ಓಡುತ್ತಿರುವ ಕ್ಯಾಮೆರಾ ನಾನು ನೋಡುತ್ತಿದ್ದೇನೆ. ಕಂಡೂ ಕಂಡೂ ಬಾವಿಗೆ ಬೀಳುವುದು ಅಂದರೆ ಇದೇ.

ಹೊಸಬ

ಎಲ್ಲ ಸರಿ ಸರ್. ಆದರೆ ಮನುಷ್ಯ ನೋಡಲು ಆಗುವುದಿಲ್ಲ ಅಂತ ತಾನೇ ಎಐ ಬಂದಿರುವುದು? ಮುಖ ಗುರುತಿಸುವ ಸಾಫ್ಟ್‌ವೇರ್ 99.9% ಸರಿ ಅಂತಾರೆ. ಅದನ್ನು ಹಾಕಿಬಿಟ್ಟರೆ ಸಮಸ್ಯೆ ಮುಗಿಯಿತಲ್ವಾ?

ಲೆಕ್ಕದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಪೆನ್ನು ತೆಗೆದುಕೊಳ್ಳಿ, ಒಟ್ಟಿಗೆ ಲೆಕ್ಕ ಮಾಡೋಣ.

ಒಂದು ದೊಡ್ಡ ನಿಲ್ದಾಣ ಅಂದುಕೊಳ್ಳಿ, ದಿನಕ್ಕೆ 1,00,000 ಜನ ಹಾದುಹೋಗುತ್ತಾರೆ. ಅವರಲ್ಲಿ ಪೊಲೀಸರಿಗೆ ಬೇಕಾದವರು 2 ಜನ. ಸಾಫ್ಟ್‌ವೇರ್ ಸಾವಿರಕ್ಕೆ ಒಂದು ಸಲ ಮಾತ್ರ ತಪ್ಪುತ್ತದೆ. ಆ ಇಬ್ಬರನ್ನೂ ಅದು ಹಿಡಿಯಿತು ಅಂತಲೇ ಇಟ್ಟುಕೊಳ್ಳೋಣ. ಉಳಿದ ಲಕ್ಷ ಜನರಲ್ಲಿ ಸಾವಿರಕ್ಕೆ ಒಬ್ಬರಂತೆ ಸುಮಾರು 100 ಅಮಾಯಕರ ಮೇಲೂ ಕೆಂಪು ಗುರುತು ಬೀಳುತ್ತದೆ. ಅಂದರೆ 102 ಅಲರ್ಟ್, ಅದರಲ್ಲಿ ನಿಜವಾದದ್ದು 2. ಅಲರ್ಟ್ ಬಂದವನೇ ಅಪರಾಧಿ ಅಂತ ನಂಬಿದರೆ ನೂರರಲ್ಲಿ ತೊಂಬತ್ತೆಂಟು ಸಲ ತಪ್ಪು ಮನುಷ್ಯನ ಕೈ ಹಿಡಿಯುತ್ತೀರಿ. ಇಷ್ಟಾದರೂ ಸಾಫ್ಟ್‌ವೇರ್ 99.9% ಸರಿಯೇ. ಹುಡುಕುವವರು ಕಡಿಮೆ, ಹಾದುಹೋಗುವವರು ಜಾಸ್ತಿ ಇದ್ದಾಗ ಹೀಗೇ ಆಗುವುದು. ನಗರ ಬೆಳೆದಷ್ಟೂ ಹಾದುಹೋಗುವವರು ಹೆಚ್ಚುತ್ತಾರೆ.

ಆ ತಪ್ಪೂ ಎಲ್ಲರ ಮೇಲೆ ಸಮವಾಗಿ ಬೀಳುವುದಿಲ್ಲ. 2018ರಲ್ಲಿ ಎಂಐಟಿಯ ಸಂಶೋಧಕರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ತಿಳಿ ಬಣ್ಣದ ಗಂಡಸರಲ್ಲಿ ತಪ್ಪು 1% ಕೂಡ ಮುಟ್ಟಲಿಲ್ಲ, ಕಪ್ಪು ಬಣ್ಣದ ಹೆಂಗಸರಲ್ಲಿ 34.7%ವರೆಗೆ ಹೋಯಿತು. ಅದು ಆಗಿನ ಸಾಫ್ಟ್‌ವೇರ್, ಈಗಿನವು ಬಹಳ ಸುಧಾರಿಸಿವೆ, ಅದನ್ನೂ ಹೇಳಬೇಕು. ಆದರೆ ಅವು ಸುಧಾರಿಸಿದ್ದೇ ಹೀಗೆ ಹೊರಗಿನವರು ಅಳೆದು ತೋರಿಸಿದ ಮೇಲೆ. ಹಾಗಾಗಿ ಮಾರುವ ಕಂಪನಿ ಕೊಟ್ಟ ಅಂಕಿ ನೋಡಿ ಖರೀದಿ ಮಾಡಬಾರದು. ಯಾವ ಊರಲ್ಲಿ ಬಳಸುತ್ತೀರೋ ಆ ಊರಿನ ಬೆಳಕಿನಲ್ಲಿ, ಆ ಊರಿನ ಮುಖಗಳ ಮೇಲೆ ಪರೀಕ್ಷೆ ಆಗಬೇಕು.

ಶಬ್ದ ಹಿಡಿಯುವ ಸಾಧನಗಳದ್ದೂ ಇದೇ ಕತೆ. ಷಿಕಾಗೋದಲ್ಲಿ ಗುಂಡಿನ ಸದ್ದು ಪತ್ತೆಹಚ್ಚುವ ಶಾಟ್‌ಸ್ಪಾಟರ್ ಇತ್ತು. ಆ ನಗರದ್ದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ (ಪೊಲೀಸ್ ಹುದ್ದೆಯಲ್ಲ, ನಗರಾಡಳಿತದ ಮೇಲೆ ಕಣ್ಣಿಡುವ ಕಚೇರಿ) 2021ರಲ್ಲಿ ವರದಿ ಕೊಟ್ಟಿತು. ಪೊಲೀಸರ ದಾಖಲೆ ಸಿಕ್ಕ 50,000ಕ್ಕೂ ಹೆಚ್ಚು ಅಲರ್ಟ್‌ಗಳಲ್ಲಿ ಬಂದೂಕಿನ ಅಪರಾಧದ ಪುರಾವೆ ಸಿಕ್ಕಿದ್ದು ಸುಮಾರು 9% ಕಡೆ. 2024ರಲ್ಲಿ ಆ ನಗರ ಅದರ ಬಳಕೆ ನಿಲ್ಲಿಸಿತು. ಉಳಿದ ಕಡೆ ಗುಂಡು ಹಾರಿಲ್ಲ ಅಂತ ಇದರ ಅರ್ಥವಲ್ಲ, ಗಾಯಾಳುಗಳ ಬಳಿಗೆ ಬೇಗ ತಲುಪಿದ್ದೂ ಇದೆ ಅಂತ ಪರವಾಗಿ ಇರುವವರು ಹೇಳುತ್ತಾರೆ. ಆದರೆ ಪ್ರತಿ ಅಲರ್ಟ್‌ಗೂ ಗಾಡಿ ಓಡಬೇಕಲ್ಲ, ಆ ಗಾಡಿ ಇನ್ನೆಲ್ಲಿಗೆ ಹೋಗಲಿಲ್ಲ ಅನ್ನುವುದೂ ಲೆಕ್ಕವೇ.

ಮತ್ತೆ, ಕ್ಯಾಮೆರಾದಿಂದ ಏನೂ ಉಪಯೋಗ ಇಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಲವತ್ತು ವರ್ಷದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಒಂದು ಪರಾಮರ್ಶೆ ಪ್ರಕಟವಾಯಿತು. ಕ್ಯಾಮೆರಾ ಇರುವ ಜಾಗಗಳಲ್ಲಿ, ಇಲ್ಲದ ಜಾಗಗಳಿಗೆ ಹೋಲಿಸಿದರೆ, ಅಪರಾಧ ಸುಮಾರು 13% ಕಡಿಮೆಯಾಗಿತ್ತು. ಪಾರ್ಕಿಂಗ್ ಜಾಗಗಳಲ್ಲಿ ಪರಿಣಾಮ ತುಂಬ ಚೆನ್ನಾಗಿತ್ತು. ಹೊಡೆದಾಟ, ಹಲ್ಲೆಯಂಥ ಹಿಂಸೆಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಕುಡಿದ ಅಮಲಿನಲ್ಲೋ ಸಿಟ್ಟಿನಲ್ಲೋ ಕೈ ಎತ್ತುವವನು ಕಂಬದ ಕಡೆ ನೋಡುವುದಿಲ್ಲ, ನನಗೆ ತೋಚುವ ಕಾರಣ ಅದು. ಇನ್ನೊಂದು ಅಂಶ ಈ ಚರ್ಚೆಗೆ ಬಹಳ ಮುಖ್ಯ. ಯಾರಾದರೂ ಕೂತು ನೋಡುತ್ತಿದ್ದ ಕಡೆ, ಮತ್ತು ಕ್ಯಾಮೆರಾ ಜೊತೆಗೆ ಬೇರೆ ಕ್ರಮಗಳೂ ಇದ್ದ ಕಡೆ ಫಲ ಹೆಚ್ಚು ಸಿಕ್ಕಿತ್ತು. ಬೀದಿದೀಪ ಅವರ ಪ್ರಶ್ನೆಗೆ ಅಂಕಿಅಂಶವೂ ಅದೇ ಉತ್ತರ ಕೊಡುತ್ತಿದೆ.

ತಮ್ಮನ ಅಕ್ಕ

ಇಷ್ಟು ಹೊತ್ತು ಓದುತ್ತಾ ಇದ್ದೆ, ಬರೆಯಲೋ ಬೇಡವೋ ಅಂತ ಯೋಚಿಸಿದೆ.

ನನ್ನ ತಮ್ಮನಿಗೆ ಒಂದು ಕಾರು ಗುದ್ದಿ ನಿಲ್ಲದೆ ಹೋಯಿತು. ಬೆಳಗಿನ ಜಾವ, ಸಾಕ್ಷಿ ಯಾರೂ ಇಲ್ಲ. ಗಾಡಿ ಪತ್ತೆಯಾಗಿದ್ದು ಮುಂದಿನ ರಸ್ತೆಯಲ್ಲಿದ್ದ ನಂಬರ್ ಪ್ಲೇಟ್ ಕ್ಯಾಮೆರಾದಿಂದ. ಹೆಡ್‌ಲೈಟ್ ಒಡೆದ ಕಾರು, ಸಮಯ ಸರಿಹೊಂದಿತು. ಅದೊಂದು ಇಲ್ಲದಿದ್ದರೆ ಕೇಸೇ ಇರುತ್ತಿರಲಿಲ್ಲ, ಅವನ ಚಿಕಿತ್ಸೆಗೆ ಪರಿಹಾರವೂ ಬರುತ್ತಿರಲಿಲ್ಲ. ಹಾಗಾಗಿ ಕ್ಯಾಮೆರಾ ಆಗಿಹೋದದ್ದನ್ನು ಮಾತ್ರ ತೋರಿಸುತ್ತದೆ ಅಂತ ಯಾರಾದರೂ ಹಗುರವಾಗಿ ಹೇಳಿದರೆ ನನಗೆ ನೋವಾಗುತ್ತದೆ. ಆಗಿಹೋದದ್ದನ್ನು ತೋರಿಸುವುದೂ ನಮ್ಮಂಥವರಿಗೆ ನ್ಯಾಯವೇ.

ಆದರೆ ಡಿಕ್ಕಿಯಾದ ಜಾಗದಲ್ಲೇ ಇದ್ದ ಒಂದು ಖಾಸಗಿ ಕ್ಯಾಮೆರಾದ ರೆಕಾರ್ಡಿಂಗ್ ನಮಗೆ ಸಿಗಲಿಲ್ಲ. ನಾವು ಆಸ್ಪತ್ರೆಯಲ್ಲಿ ಓಡಾಡುತ್ತಿದ್ದಾಗ ಅದರ ಮೇಲೆ ಹೊಸ ರೆಕಾರ್ಡಿಂಗ್ ಬಂದು ಹಳೆಯದು ಅಳಿಸಿಹೋಗಿತ್ತು. ಐಸಿಯು ಬಾಗಿಲಲ್ಲಿ ನಿಂತವರಿಗೆ ಡಿವಿಆರ್ ನೆನಪಾಗುತ್ತದಾ? ಅದಕ್ಕೇ ನನ್ನ ಕೋರಿಕೆ, ರೆಕಾರ್ಡಿಂಗ್ ಹೆಚ್ಚು ದಿನ ಇಡಬೇಕು.

ಬೀದಿದೀಪ

ಅಕ್ಕಾ, ನೀವು ಬರೆದದ್ದು ಒಳ್ಳೆಯದಾಯಿತು. ತಮ್ಮ ಈಗ ಹೇಗಿದ್ದಾರೆ? ನಿಮ್ಮ ಮಾತು ಓದಿದ ಮೇಲೆ ನನ್ನ ಪ್ರಶ್ನೆಯನ್ನು ಸ್ವಲ್ಪ ಹಿಗ್ಗಿಸುತ್ತೇನೆ. ಬರುವವರು ಯಾರು ಅಂದರೆ ಆ ಕ್ಷಣಕ್ಕೆ ಓಡಿ ಬರುವ ಗಾಡಿ ಮಾತ್ರ ಅಲ್ಲ, ಮರುದಿನ ಹೋಗಿ ರೆಕಾರ್ಡಿಂಗ್ ತೆಗೆದಿಡುವ ತನಿಖಾಧಿಕಾರಿಯೂ ಸೇರಬೇಕು.

ತಮ್ಮನ ಅಕ್ಕ

ಈಗ ಕೋಲು ಹಿಡಿದು ನಡೆಯುತ್ತಾನೆ. ಕೇಳಿದ್ದಕ್ಕೆ ಧನ್ಯವಾದ.

ಹಳೇ ಆಪರೇಟರ್

ಅಮ್ಮಾ, ನಿಮ್ಮ ಸಮಸ್ಯೆಗೆ ಎಲ್ಲರ ರೆಕಾರ್ಡಿಂಗನ್ನೂ ವರ್ಷಗಟ್ಟಲೆ ಇಡಬೇಕಾಗಿಲ್ಲ. ಘಟನೆ ಆದ ಜಾಗ, ಸಮಯ ಗೊತ್ತಾದ ತಕ್ಷಣ ಅಷ್ಟು ತುಣುಕನ್ನು ಬೀಗ ಹಾಕಿಡುವ ವ್ಯವಸ್ಥೆ ಇದೆ. ಅದು ತನ್ನಷ್ಟಕ್ಕೆ ಅಳಿಸುವುದಿಲ್ಲ. ಆಂಬುಲೆನ್ಸ್ ಕರೆ ಬಂದ ಕೂಡಲೇ ಸುತ್ತಮುತ್ತಲಿನ ಕ್ಯಾಮೆರಾಗಳ ಆ ಒಂದು ಗಂಟೆಯನ್ನು ತಾನಾಗಿಯೇ ತೆಗೆದಿಡುವ ಹಾಗೆ ಮಾಡಬಹುದು. ಸಂಬಂಧಿಕರು ಅರ್ಜಿ ಹಿಡಿದು ಓಡಬೇಕಾಗಿಲ್ಲ.

ಇನ್ನೊಂದು ಮಾತು, ಗಡಿಯಾರ. ಸರ್ಕಾರಿ ಕ್ಯಾಮೆರಾಗಳ ಸಮಯ ಒಂದೇ ಸರ್ವರ್‌ನಿಂದ ಬರುತ್ತದೆ. ಖಾಸಗಿ ಡಿವಿಆರ್‌ಗಳ ಗಡಿಯಾರ ಹಿಂದೆಮುಂದೆ ಇರುತ್ತದೆ, ಕೆಲವಂತೂ ಕರೆಂಟ್ ಹೋಗಿ ಬಂದಾಗಲೆಲ್ಲ ಹಳೇ ತಾರೀಕಿಗೆ ಹೋಗುತ್ತವೆ. ತನಿಖೆಯವರು ರೆಕಾರ್ಡಿಂಗ್ ತೆಗೆಯುವ ಮುನ್ನ ಡಿವಿಆರ್ ಪರದೆಯ ಸಮಯ ಮತ್ತು ನಿಜವಾದ ಸಮಯ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೊ ಹೊಡೆದುಕೊಳ್ಳಬೇಕು. ಇದಿಲ್ಲದೆ ಕೋರ್ಟ್‌ನಲ್ಲಿ ಒಳ್ಳೆಯ ಸಾಕ್ಷಿಯೂ ಬಿದ್ದುಹೋಗುತ್ತದೆ.

ಕರಿಕೋಟು

ಹಳೇ ಆಪರೇಟರ್ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಬೇಕಾದ ತುಣುಕು ಗಟ್ಟಿಯಾಗಿ ಉಳಿಯಬೇಕು, ಬೇಡದ್ದು ಖಂಡಿತವಾಗಿ ಅಳಿಯಬೇಕು. ಕಾನೂನಿನ ದೃಷ್ಟಿಯಿಂದ ಇವೆರಡೂ ಒಟ್ಟಿಗೇ ಬರಬೇಕು. ಎಲ್ಲವನ್ನೂ ಇಟ್ಟುಕೊಂಡರೆ ಯಾರು ಯಾವ ವೈದ್ಯರ ಹತ್ತಿರ ಹೋದರು, ಯಾವ ಸಭೆಗೆ ಹೋದರು, ಯಾರ ಮನೆಗೆ ಹೋದರು ಅನ್ನುವ ಡೈರಿ ತನಗೆ ತಾನೇ ತಯಾರಾಗುತ್ತದೆ. ತಪ್ಪು ಮಾಡದವರಿಗೆ ಭಯ ಯಾಕೆ ಅಂತ ಕೇಳುವವರಿದ್ದಾರೆ. ಹಿಂಸೆ ಕೊಡುವ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸು ಏನು ತಪ್ಪು ಮಾಡಿರುತ್ತಾಳೆ? ಆ ಗಂಡನಿಗೆ ಕಂಟ್ರೋಲ್ ರೂಮ್‌ನಲ್ಲಿ ಒಬ್ಬ ಸ್ನೇಹಿತ ಇದ್ದರೆ ಸಾಕು, ಅವಳ ಹೊಸ ವಿಳಾಸ ಸಿಕ್ಕಿಬಿಡುತ್ತದೆ.

ಕೋರ್ಟ್‌ಗಳು ಏನು ಹೇಳಿವೆ ನೋಡಿ. 2020ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯ, ದಕ್ಷಿಣ ವೇಲ್ಸ್ ಪೊಲೀಸರು ಬೀದಿಯಲ್ಲಿ ಮುಖ ಗುರುತಿಸುವ ಕ್ಯಾಮೆರಾ ಬಳಸಿದ ರೀತಿ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ತಂತ್ರಜ್ಞಾನವನ್ನೇ ನಿಷೇಧಿಸಲಿಲ್ಲ. ಯಾರ ಹೆಸರು ಪಟ್ಟಿಯಲ್ಲಿ ಇರಬೇಕು, ಎಲ್ಲಿ ಬಳಸಬೇಕು, ಇವೆರಡನ್ನೂ ಪೊಲೀಸರ ಇಷ್ಟಕ್ಕೆ ಬಿಟ್ಟದ್ದು ಸರಿಯಲ್ಲ ಅಂದಿತು. ಯುರೋಪಿಯನ್ ಒಕ್ಕೂಟದ ಎಐ ಕಾನೂನಿನ ನಿಷೇಧಗಳು 2025ರ ಫೆಬ್ರವರಿ 2ರಿಂದ ಜಾರಿಗೆ ಬಂದವು. ಸಾರ್ವಜನಿಕ ಜಾಗದಲ್ಲಿ ಪೊಲೀಸರು ಆ ಕ್ಷಣದಲ್ಲೇ ಮುಖ ಗುರುತಿಸುವುದು ಅಲ್ಲಿ ಸಾಮಾನ್ಯವಾಗಿ ನಿಷಿದ್ಧ. ಕಾಣೆಯಾದವರ ಹುಡುಕಾಟ, ಎದುರಿಗೇ ಇರುವ ಭಯೋತ್ಪಾದಕ ದಾಳಿಯ ಬೆದರಿಕೆ, ಪಟ್ಟಿ ಮಾಡಿದ ಗಂಭೀರ ಅಪರಾಧದ ಆರೋಪಿ, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಅನುಮತಿ ಪಡೆಯಬೇಕು.

ಅಮೆರಿಕದ ಡೆಟ್ರಾಯಿಟ್ ಪೊಲೀಸರು 2020ರ ಜನವರಿಯಲ್ಲಿ ಒಬ್ಬ ವ್ಯಕ್ತಿಯನ್ನು ಹೆಂಡತಿ ಮಕ್ಕಳ ಎದುರಿಗೇ, ಮನೆಯ ಮುಂದೆಯೇ ಬಂಧಿಸಿದರು. ವಾಚ್ ಕದ್ದ ಆರೋಪ. ಅಂಗಡಿಯ ಕ್ಯಾಮೆರಾದ ಮಸುಕು ಚಿತ್ರಕ್ಕೆ ಸಾಫ್ಟ್‌ವೇರ್ ಅವನ ಮುಖ ಹೊಂದಿಸಿತ್ತು. ಅವನು ಕಳ್ಳನೇ ಅಲ್ಲ. ಸುಮಾರು 30 ಗಂಟೆ ಲಾಕಪ್‌ನಲ್ಲಿ ಕಳೆದ. ಮುಂದೆ 2024ರಲ್ಲಿ ರಾಜಿ ಆಯಿತು, ಬರೀ ಸಾಫ್ಟ್‌ವೇರ್ ಹೊಂದಿಸಿದ ಮಾತ್ರಕ್ಕೆ ಬಂಧಿಸುವಂತಿಲ್ಲ ಅನ್ನುವ ನಿಯಮ ಅಲ್ಲಿನ ಪೊಲೀಸರಿಗೆ ಬಂತು. ಮೇಷ್ಟ್ರು ಹೇಳಿದ 102ರ ಲೆಕ್ಕದಲ್ಲಿ ಆ ನೂರು ಅಂದರೆ ಇಂಥ ಮನುಷ್ಯರು.

ಇನ್ನೊಂದು ಅಪಾಯ, ಒಂದು ಕೆಲಸಕ್ಕೆ ಅಂತ ಹಾಕಿದ್ದು ಇನ್ನೊಂದಕ್ಕೆ ತಿರುಗುವುದು. ಸ್ಯಾನ್ ಡಿಯಾಗೋ ನಗರ ಸ್ಮಾರ್ಟ್ ಬೀದಿ ದೀಪ ಹಾಕಿತು. ವಿದ್ಯುತ್ ಉಳಿತಾಯ, ಟ್ರಾಫಿಕ್ ಅಧ್ಯಯನ ಅಂತ ಹೇಳಿದ್ದರು. ಅದರೊಳಗೆ ಕ್ಯಾಮೆರಾ ಇತ್ತು, ಪೊಲೀಸರು ತನಿಖೆಗೆ ಬಳಸತೊಡಗಿದರು. ಜನರಿಗೆ ತಿಳಿದಾಗ ದೊಡ್ಡ ಗಲಾಟೆಯಾಗಿ 2020ರಲ್ಲಿ ಮೇಯರ್ ಆ ಕ್ಯಾಮೆರಾಗಳನ್ನು ಆಫ್ ಮಾಡಿಸಿದರು. ನನಗೆ ಇದರಲ್ಲಿ ಕಾಣುವುದು ಏನೆಂದರೆ, ಮೊದಲೇ ನಿಜ ಹೇಳಿ ನಿಯಮ ಮಾಡಿದ್ದರೆ ಆ ಕ್ಯಾಮೆರಾಗಳು ಉಳಿಯುತ್ತಿದ್ದವೇನೋ. ಮುಚ್ಚಿಟ್ಟು ಹಾಕಿದ್ದರಿಂದ ತನಿಖೆಗೂ ನಷ್ಟ, ನಂಬಿಕೆಗೂ ನಷ್ಟ.

ರಾತ್ರಿ ಪಾಳಿ

ಕರಿಕೋಟು ಅವರು ಕಂಟ್ರೋಲ್ ರೂಮ್‌ನ ಸ್ನೇಹಿತನ ಮಾತು ಎತ್ತಿದ್ದು ಒಳ್ಳೆಯದಾಯಿತು. ಇನ್ನೊಂದು ಅನುಮಾನವನ್ನೂ ನೇರವಾಗಿ ಕೇಳುತ್ತೇನೆ, ಹಳೇ ಆಪರೇಟರ್ ಅವರು ಬೇಸರ ಮಾಡಿಕೊಳ್ಳಬಾರದು. ಕ್ಯಾಮೆರಾ ತಿರುಗಿಸಿ ಹೆಂಗಸರನ್ನು ನೋಡುವುದು ನಡೆಯುತ್ತದಾ?

ಹಳೇ ಆಪರೇಟರ್

ಬೇಸರ ಯಾಕೆ ಮೇಡಂ. ನಡೆಯುತ್ತದೆ. ನಾನು ನೋಡಿದ್ದೇನೆ, ಮೇಲಧಿಕಾರಿಗೆ ಬರೆದುಕೊಟ್ಟಿದ್ದೇನೆ. ಬ್ರಿಟನ್‌ನಲ್ಲಿ 1990ರ ದಶಕದಲ್ಲೇ ಸಂಶೋಧಕರು ಕಂಟ್ರೋಲ್ ರೂಮ್‌ಗಳಲ್ಲಿ ಕೂತು ಇದನ್ನು ದಾಖಲಿಸಿದ್ದಾರೆ. ತಡೆಯುವ ದಾರಿಯೂ ಇದೆ. ಯಾವ ಆಪರೇಟರ್ ಎಷ್ಟು ಗಂಟೆಗೆ ಯಾವ ಕ್ಯಾಮೆರಾ ಯಾವ ಕಡೆ ತಿರುಗಿಸಿದ, ಎಷ್ಟು ಜೂಮ್ ಮಾಡಿದ, ಯಾವ ರೆಕಾರ್ಡಿಂಗ್ ತೆಗೆದ, ಎಲ್ಲ ಲಾಗ್ ಆಗುತ್ತದೆ. ಅವನು ಅದನ್ನು ಅಳಿಸಲು ಆಗದ ಹಾಗೆ ಇಡಬೇಕು. ಆ ಲಾಗನ್ನು ಹೊರಗಿನವರು ತಿಂಗಳಿಗೊಮ್ಮೆ, ಹೇಳದೆ ಕೇಳದೆ ಬಂದು ತೆಗೆದು ನೋಡಬೇಕು. ಮೊಬೈಲ್ ಫೋನ್ ಬಾಗಿಲಲ್ಲೇ ಇಟ್ಟು ಒಳಗೆ ಬರಬೇಕು, ಇಲ್ಲದಿದ್ದರೆ ಪರದೆಯ ಫೋಟೊ ಹೊಡೆದು ವಾಟ್ಸಾಪ್‌ಗೆ ಹಾಕುತ್ತಾರೆ. ಪ್ರತಿ ಪಾಳಿಯಲ್ಲೂ ಹೆಣ್ಣುಮಕ್ಕಳು ಕೆಲಸಕ್ಕಿರಬೇಕು. ನಮ್ಮ ಪಾಳಿಗೆ ಮಹಿಳಾ ಆಪರೇಟರ್‌ಗಳು ಬಂದ ಮೇಲೆ ಆ ಕೋಣೆಯ ಮಾತುಕತೆಯೇ ಬದಲಾಯಿತು.

ಯೋಜನೆ ಓದುವವಳು

ನಗರ ಯೋಜನೆ ಓದುತ್ತಿದ್ದೇನೆ. ಒಂದು ವಿಷಯ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ, ದೀಪ.

ನ್ಯೂಯಾರ್ಕ್‌ನಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಒಂದು ಪ್ರಯೋಗ ನಡೆಯಿತು. ಯಾವ ಸಮುಚ್ಚಯಕ್ಕೆ ಹೆಚ್ಚುವರಿ ದೀಪದ ಗೋಪುರ ಹಾಕಬೇಕು ಅಂತ ಚೀಟಿ ಎತ್ತುವ ಹಾಗೆ ಆರಿಸಿದರು, ಹಾಗಾಗಿ ಹೋಲಿಕೆ ನ್ಯಾಯವಾಗಿತ್ತು. ದೀಪ ಬಂದ ಕಡೆ ರಾತ್ರಿ ಹೊತ್ತು ಹೊರಗೆ ನಡೆಯುವ ಗಂಭೀರ ಅಪರಾಧಗಳು ಸುಮಾರು 36% ಇಳಿದವು. ದೀಪ ಯಾರ ಮುಖವನ್ನೂ ನೆನಪಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಪಾಸ್‌ವರ್ಡ್ ಬೇಡ. ಇನ್ನು ಕ್ಯಾಮೆರಾಗೂ ಬೆಳಕು ಬೇಕೇ ಬೇಕು. ಬೆಳಕು ಚೆನ್ನಾಗಿದ್ದರೆ ಬಣ್ಣದ ಚಿತ್ರ ಬರುತ್ತದೆ, ಅಂಗಿಯ ಬಣ್ಣ ಗೊತ್ತಾಗುತ್ತದೆ.

ಎರಡನೆಯದು, ಸುರಕ್ಷತೆ ಅಂದರೆ ಅಪರಾಧ ಮಾತ್ರವಲ್ಲ. ರಿಯೊ ಡಿ ಜನೈರೊದಲ್ಲಿ 2010ರ ಏಪ್ರಿಲ್‌ನಲ್ಲಿ ಭಾರಿ ಮಳೆ ಬಂದು ಗುಡ್ಡ ಕುಸಿದು ಬಹಳ ಜನ ಸತ್ತರು. ಅದೇ ವರ್ಷದ ಕೊನೆಗೆ ಅಲ್ಲಿ ಒಂದು ಕಾರ್ಯಾಚರಣೆ ಕೇಂದ್ರ ತೆರೆದರು. ಮಳೆ, ಸಂಚಾರ, ತುರ್ತು ಸೇವೆ, ಬೇರೆ ಬೇರೆ ಇಲಾಖೆಯವರು ಒಂದೇ ಸೂರಿನಡಿ ಕೂರುತ್ತಾರೆ. ಮೆಕ್ಸಿಕೊ ಸಿಟಿಯ ಕ್ಯಾಮೆರಾ ಕಂಬಗಳಲ್ಲಿ ತುರ್ತು ಬಟನ್ ಇದೆ, ಧ್ವನಿವರ್ಧಕವೂ ಇದೆ. ಭೂಕಂಪ ತಲುಪುವ ಮುನ್ನ ಎಚ್ಚರಿಕೆಯ ಸೈರನ್ ಮೊಳಗುವುದು ಅದರಲ್ಲೇ. ರಾತ್ರಿ ಪಾಳಿ ಅವರು ಕೇಳಿದ್ದು ಅಸಾಧ್ಯವಾದದ್ದೇನೂ ಅಲ್ಲ. ನೀರು ನುಗ್ಗುವ ಅಂಡರ್‌ಪಾಸ್‌ನಲ್ಲಿ ಒಂದು ನೀರಿನ ಮಟ್ಟದ ಸೆನ್ಸರ್ ಮತ್ತು ತಾನಾಗಿ ಬೀಳುವ ಗೇಟ್ ಇದ್ದರೆ ಅದು ಉಳಿಸುವ ಜೀವ ಮುಖ ಗುರುತಿಸುವ ಸಾಫ್ಟ್‌ವೇರ್‌ಗಿಂತ ಜಾಸ್ತಿ ಇರಬಹುದು, ಯಾರ ಖಾಸಗಿತನವನ್ನೂ ಮುಟ್ಟುವುದಿಲ್ಲ.

ಹೊಸಬ

ನಾನು ಕೇಳಿದ್ದು ಒಂದು ಸಾಲು, ಸಿಕ್ಕಿದ್ದು ಇಷ್ಟೊಂದು. ಇನ್ನೊಂದು ಪ್ರಶ್ನೆ. ಒಂದು ಕಡೆ ಕ್ಯಾಮೆರಾ ಹಾಕಿದರೆ ಕಳ್ಳ ಪಕ್ಕದ ಬೀದಿಗೆ ಹೋಗುತ್ತಾನಲ್ವಾ?

ಲೆಕ್ಕದ ಮೇಷ್ಟ್ರು

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅಧ್ಯಯನಗಳಲ್ಲಿ ಅದು ಕೆಲವು ಕಡೆ ಕಂಡಿದೆ, ಆದರೆ ಪೂರ್ತಿಯಾಗಿ ಪಕ್ಕಕ್ಕೆ ಸರಿದದ್ದು ಅಪರೂಪ. ಎಷ್ಟೋ ಕಡೆ ಪಕ್ಕದ ಬೀದಿಗೂ ಸ್ವಲ್ಪ ಒಳ್ಳೆಯದಾಗಿದೆ. ಅದನ್ನು ತಿಳಿಯಬೇಕಾದರೆ ಕ್ಯಾಮೆರಾ ಹಾಕುವ ಮೊದಲು ಎರಡೂ ಬೀದಿಯ ಲೆಕ್ಕ ಬರೆದಿಟ್ಟಿರಬೇಕು. ಹೆಚ್ಚಿನ ನಗರಗಳು ಇದನ್ನೇ ಮಾಡುವುದಿಲ್ಲ, ಆಮೇಲೆ ಉಪಯೋಗ ಆಯಿತಾ ಅಂದರೆ ಉದ್ಘಾಟನೆಯ ಫೋಟೊ ತೋರಿಸುತ್ತಾರೆ.

ಬೀದಿದೀಪ

ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸಿಕ್ಕಿತು. ನಮ್ಮ ನಿವಾಸಿಗಳ ಸಂಘ ನಗರಸಭೆಗೆ ಒಂದು ಮನವಿ ಕೊಡಲಿದೆ, ಕ್ಯಾಮೆರಾ ಹಾಕಿಸಿ ಅಂತ ಒಂದೇ ಸಾಲಿನ ಕರಡು ಸಿದ್ಧವಾಗಿತ್ತು. ಅದನ್ನು ಬದಲಿಸುತ್ತಿದ್ದೇನೆ.

ಮೊದಲು ದೀಪ ಕೇಳುತ್ತೇವೆ. ಆಮೇಲೆ ಬಸ್ ನಿಲ್ದಾಣದಲ್ಲಿ ಮಾತಾಡುವ ಬಟನ್ ಇರುವ ಕಂಬ, ಅದರ ಕ್ಯಾಮೆರಾ ನಿಲ್ದಾಣದ ಅಗಲಕ್ಕೆ ಸರಿಯಾಗಿ ಮುಖ ಕಾಣುವಂಥದ್ದು. ಒಳಬರುವ ರಸ್ತೆಗೆ ಒಂದು ನಂಬರ್ ಪ್ಲೇಟ್ ಕ್ಯಾಮೆರಾ. ಒರೆಸುವ, ಕೊಂಬೆ ಕಡಿಯುವ, ಯುಪಿಎಸ್ ನೋಡುವ ಕೆಲಸಕ್ಕೆ ಟೆಂಡರ್‌ನಲ್ಲೇ ಜನ. 30 ದಿನಕ್ಕೆ ಅಳಿಯಬೇಕು, ಘಟನೆಯ ತುಣುಕು ಬೀಗ ಹಾಕಿಡಬೇಕು. ಮುಖ ಗುರುತಿಸುವ ಸಾಫ್ಟ್‌ವೇರ್ ಈಗ ಬೇಡ, ಮುಂದೆ ಯಾವಾಗಲಾದರೂ ಹಾಕುವುದಿದ್ದರೆ ಸಾರ್ವಜನಿಕ ಸಭೆ ಕರೆದು ಕೇಳಿಯೇ ಹಾಕಬೇಕು. ಬಟನ್ ಒತ್ತಿದ್ದಕ್ಕೂ ಗಾಡಿ ತಲುಪಿದ್ದಕ್ಕೂ ನಡುವೆ ಎಷ್ಟು ನಿಮಿಷ ಹಿಡಿಯಿತು ಅನ್ನುವುದನ್ನು ಪ್ರತಿ ತಿಂಗಳು ಪ್ರಕಟಿಸಬೇಕು. ಎಷ್ಟು ಕ್ಯಾಮೆರಾ ಹಾಕಿದಿರಿ ಅಂತ ನಾವು ಕೇಳುವುದೇ ಇಲ್ಲ, ಈ ನಿಮಿಷಗಳನ್ನು ಕೇಳುತ್ತೇವೆ.

ಬಿಟ್ಟುಹೋದದ್ದು ಇದ್ದರೆ ಹೇಳಿ, ಶನಿವಾರ ಸಭೆ ಇದೆ.

ಕೇಬಲ್ ಕೆಲಸದವನು

ಸರ್, ಎರಡು ಸೇರಿಸಿ. ಗುತ್ತಿಗೆ ಮುಗಿದ ಮೇಲೆ ರೆಕಾರ್ಡಿಂಗ್ ಮತ್ತು ಪಾಸ್‌ವರ್ಡ್ ಯಾರ ಕೈಗೆ ಬರುತ್ತದೆ ಅಂತ ಬರೆಸಿಕೊಳ್ಳಿ. ಮತ್ತೆ, ಹಾಳಾದ ಕ್ಯಾಮೆರಾವನ್ನು ಇಷ್ಟು ಗಂಟೆಯೊಳಗೆ ಸರಿಮಾಡಬೇಕು, ಇಲ್ಲದಿದ್ದರೆ ದಂಡ ಅಂತ ಹಾಕಿಸಿ. ದಂಡ ಇಲ್ಲದ ಕಡೆ ನಾವು ಹೋಗುವುದೇ ತಡ, ಇದು ಒಳಗಿದ್ದು ಹೇಳುತ್ತಿರುವ ಮಾತು.

ರಾತ್ರಿ ಪಾಳಿ

ಶನಿವಾರದ ಸಭೆಗೆ ನಮ್ಮಂಥ ಕೆಲಸದವರೂ ಬರಬಹುದಾ? ಸಂಜೆ ಆರರ ಮೊದಲು ಇಟ್ಟರೆ ಬರುತ್ತೇನೆ, ಆಮೇಲೆ ಪಾಳಿ ಇದೆ. ಬಟನ್ ಕಂಬ ಎಲ್ಲಿ ಬೇಕು ಅಂತ ನಾನೇ ನಡೆದು ತೋರಿಸುತ್ತೇನೆ.

ಬೀದಿದೀಪ

ಖಂಡಿತ ಬನ್ನಿ. ನಾಲ್ಕು ಗಂಟೆಗೆ ಇಟ್ಟಿದ್ದೇವೆ, ನಗರಸಭೆಯ ವಿದ್ಯುತ್ ವಿಭಾಗದ ಎಂಜಿನಿಯರನ್ನೂ ಕರೆದಿದ್ದೇವೆ. ಮೊದಲು ನಿಮ್ಮ ದಾರಿಯಲ್ಲೇ ನಡೆಯೋಣ, ಆಮೇಲೆ ಕೂತು ಬರೆಯೋಣ.